ಗಲಾಪಗೋಸ್‌ನಲ್ಲಿ ಪ್ರಾಣಿ ನೋಡಲು ಡೇ ಟ್ರಿಪ್ ಸಾಕಾ, ಕ್ರೂಸ್ ಬೇಕಾ?

ಪೆಸಿಫಿಕ್ ಸಾಗರದಲ್ಲಿರುವ, ಈಕ್ವೆಡಾರ್ ದೇಶದ ಈ ದ್ವೀಪಗಳಲ್ಲಿ ಎರಡನ್ನೂ ಮಾಡಿ ನೋಡಿದ್ದೇನೆ. ಪ್ರಾಣಿ-ಪಕ್ಷಿಗಾಗಿಯೇ ಅಷ್ಟು ದೂರ ಹೋಗುವವರಾದರೆ ಇನ್ನಷ್ಟು ದುಡ್ಡು ಕೂಡಿಸಿಕೊಂಡು ರಾತ್ರಿಯೂ ಹಡಗಿನಲ್ಲೇ ಉಳಿಯುವ ಕ್ರೂಸ್‌ಗೆ ಹೋಗಿ.

ಡೇ ಟ್ರಿಪ್ ಕೆಟ್ಟದ್ದೇನಲ್ಲ, ಖರ್ಚು ಎಷ್ಟೋ ಕಡಿಮೆ. ಸಾಂತಾ ಕ್ರೂಸ್ ದ್ವೀಪದ ಪೋರ್ಟೊ ಅಯೋರಾ ಊರಲ್ಲಿ ರೂಮ್ ಮಾಡಿಕೊಂಡು, ಬೆಳಿಗ್ಗೆ ಬಸ್ಸಿನಲ್ಲಿ ಆ ದ್ವೀಪ ದಾಟಿ, ಆಮೇಲೆ ದೋಣಿ ಹತ್ತಿ ನಾರ್ತ್ ಸೀಮೋರ್ ದ್ವೀಪ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ಆದರೂ ಗಂಡು ಫ್ರಿಗೇಟ್ ಹಕ್ಕಿಗಳು ಕತ್ತಿನ ಕೆಂಪು ಚೀಲ ಊದಿಸಿಕೊಂಡು ಕೂತಿದ್ದವು. ನೀಲಿ ಕಾಲಿನ ಬೂಬಿ ಹಕ್ಕಿಗಳ ಜೋಡಿಯೊಂದು ಕಾಲುದಾರಿಯ ಮಧ್ಯದಲ್ಲೇ ಒಂದೊಂದೇ ಪಾದ ಎತ್ತಿ ತೋರಿಸುತ್ತಾ ಕುಣಿಯುತ್ತಿತ್ತು. ಪ್ರಾಣಿಗಳಿಂದ 2 ಮೀಟರ್ ದೂರ ಇರಬೇಕೆಂಬುದು ಗಲಾಪಗೋಸ್ ನ್ಯಾಷನಲ್ ಪಾರ್ಕಿನ ನಿಯಮ, ಹಾಗಾಗಿ ನಾವೇ ಹಿಂದೆ ಸರಿದು ನಿಂತೆವು. ಕುಣಿತ ಮುಗಿಯುವ ಮೊದಲೇ ಹೊರಡುವ ಹೊತ್ತಾಯಿತು. ಅದೇ ನನಗೆ ಬೇಜಾರು.

ಕ್ರೂಸ್‌ನಲ್ಲಿ ಹಡಗು ಹೆಚ್ಚಾಗಿ ರಾತ್ರಿ ಓಡುತ್ತದೆ. ಬೆಳಗಾಗುವಾಗ ದ್ವೀಪದ ಎದುರಿಗೇ ಇರುತ್ತೀರಿ, ತಂಪು ಹೊತ್ತಿನಲ್ಲೇ ಇಳಿಯಬಹುದು. ಜನೋವೆಸಾದಂಥ ದೂರದ ದ್ವೀಪಕ್ಕೆ ಡೇ ಟ್ರಿಪ್ ಇಲ್ಲವೇ ಇಲ್ಲ. ಅಲ್ಲಿ ಪ್ರಿನ್ಸ್ ಫಿಲಿಪ್ ಮೆಟ್ಟಿಲು ಹತ್ತಿ ಮೇಲೆ ಹೋದರೆ ಲಾವಾ ಬಂಡೆಗಳ ಬಯಲು, ಅದರ ಮೇಲೆ ಸಾವಿರಾರು ಸ್ಟಾರ್ಮ್ ಪೆಟ್ರೆಲ್ ಹಕ್ಕಿಗಳು. ಗೈಡ್ ಕೈ ತೋರಿಸಿದ ಕಡೆ ನನಗೆ ಮೊದಲು ಬರೀ ಕಂದು ಕಲ್ಲೇ ಕಂಡಿತು, ಆಮೇಲೆ ಆ ಕಲ್ಲು ಹಳದಿ ಕಣ್ಣು ಬಿಟ್ಟಿತು. ಗೂಬೆ! ಬಿರುಕಿನ ಪಕ್ಕ ಅಲುಗಾಡದೆ ಕೂತು, ಪೆಟ್ರೆಲ್ ಹೊರಗೆ ಬರುವುದನ್ನೇ ಹಗಲಲ್ಲೇ ಹೊಂಚುತ್ತಿತ್ತು. ರಾತ್ರಿ ಡೆಕ್‌ಗೆ ಬಂದರೆ ಕವಲು ಬಾಲದ ಗಲ್ ಹಕ್ಕಿಗಳು ಹಡಗಿನ ದೀಪದ ಬೆಳಕಲ್ಲಿ ನಮ್ಮ ಜೊತೆಗೇ ಹಾರುತ್ತಿರುತ್ತವೆ, ಕತ್ತಲಲ್ಲಿ ಸ್ಕ್ವಿಡ್ ಹಿಡಿದು ತಿನ್ನುವ ಹಕ್ಕಿ ಅದು. ಊರಲ್ಲಿ ರೂಮ್ ಮಾಡಿದವರಿಗೆ ಇದು ಸಿಗುವುದಿಲ್ಲ ಅಲ್ವಾ.

ಗೈಡ್ ವಿಷಯದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಎರಡರಲ್ಲೂ ಪಾರ್ಕಿನ ಪರವಾನಗಿ ಇರುವವರೇ, ಒಬ್ಬರ ಹಿಂದೆ 16 ಜನಕ್ಕಿಂತ ಜಾಸ್ತಿ ಇರುವಂತಿಲ್ಲ. 2024ರ ಆಗಸ್ಟ್‌ನಿಂದ ಹೆಚ್ಚಿನ ವಿದೇಶಿಯರಿಗೆ 200 ಡಾಲರ್ ಆಗಿರುವ ಪ್ರವೇಶ ಶುಲ್ಕವೂ ಇಬ್ಬರಿಗೂ ಒಂದೇ.

ಸಮುದ್ರ ಪ್ರಯಾಣ ಆಗಿಬರದವರು ಮಾತ್ರ ಯೋಚಿಸಿ. ಸಣ್ಣ ಹಡಗು ರಾತ್ರಿಯಿಡೀ ಹೊಯ್ದಾಡುತ್ತದೆ, ಕೆಳಗಿನ ಡೆಕ್‌ನ ಮಧ್ಯದ ಕ್ಯಾಬಿನ್ ಕೇಳಿ ಪಡೆಯಿರಿ. 100 ಜನರ ಹಡಗುಗಳು ಇಷ್ಟು ಅಲುಗುವುದಿಲ್ಲ ಅನ್ನುತ್ತಾರೆ, ಆದರೆ ಅಷ್ಟೂ ಜನ ತಂಡ ತಂಡವಾಗಿ ಇಳಿಯಬೇಕು.

ಎಸ್ಪನೋಲಾ ದ್ವೀಪದ ಆಲ್ಬಟ್ರಾಸ್ ಹಕ್ಕಿ ಒಂದೇ ಸಾಕು ಅನ್ನುವವರಿಗೆ ಕ್ರೂಸ್ ಬೇಕಿಲ್ಲ, ಸಾನ್ ಕ್ರಿಸ್ಟೋಬಲ್ ದ್ವೀಪದಿಂದ ಡೇ ಟ್ರಿಪ್ ಇದೆ. ಏಪ್ರಿಲ್‌ನಿಂದ ಡಿಸೆಂಬರ್ ಒಳಗೆ ಹೋಗಿ, ಉಳಿದ ತಿಂಗಳು ಅವು ಸಮುದ್ರದ ಮೇಲೆಯೇ ಇರುತ್ತವೆ.