ಅಚಿಬೆ ಕಾದಂಬರಿನ ಪರೀಕ್ಷೆಗೆ ಓದೋಕೆ ಗೈಡ್ ಒಳ್ಳೇದಾ, ಆಡಿಯೋ ಒಳ್ಳೇದಾ, ಸ್ವಂತ ನೋಟ್ಸಾ?

ನೈಜೀರಿಯಾದ ಲೇಖಕ ಚಿನುವಾ ಅಚಿಬೆ ಅವರ ‘ಥಿಂಗ್ಸ್ ಫಾಲ್ ಅಪಾರ್ಟ್’ (1958) ಪಠ್ಯ ಆಗಿರೋ ಮಕ್ಕಳಿಗೆ ನಾನು ಬೆಂಗಳೂರಲ್ಲಿ ಟ್ಯೂಷನ್ ಹೇಳ್ತೀನಿ, ಇದನ್ನ ಮೂರು ಥರ ಓದಿಸಿ ನೋಡಿದೀನಿ. ನನ್ನ ಓಟು ಪಾತ್ರಕ್ಕೊಂದು ಪುಟ ಮಾಡಿ ಬರ್ಕೊಳ್ಳೋ ನೋಟ್ಸಿಗೆ. ಯಾಕೆ ಅಂತ ಹೇಳ್ತೀನಿ.

ಗೈಡಲ್ಲಿ 25 ಅಧ್ಯಾಯದ ಸಾರಾಂಶನೂ ಸಿಗುತ್ತೆ, ಒಂದು ಸಂಜೆಗೆ ಕಥೆ ಮುಗಿಯುತ್ತೆ, ಯಾವುದಾದ್ಮೇಲೆ ಯಾವುದು ಅಂತ ಗೊಂದಲ ಇರಲ್ಲ. ಆದ್ರೆ ಪ್ರಶ್ನೆ ಕೇಳೋದು ಕಥೆ ಏನು ಅಂತ ಅಲ್ಲ, ಒಂದು ಭಾಗ ಕೊಟ್ಟು ಇಲ್ಲಿ ಲೇಖಕ ಈ ಪರಿಣಾಮ ಹೇಗೆ ತಂದಿದಾರೆ ಅಂತ. ಏಳನೇ ಅಧ್ಯಾಯನೇ ನೋಡಿ. ಒಕೊಂಕ್ವೊ ಕಥಾನಾಯಕ, ಇಕೆಮೆಫುನ ಅವನ ಮನೇಲಿ ಬೆಳೀತಿರೋ ಹುಡುಗ. ಗೈಡಲ್ಲಿ ‘ಇಕೆಮೆಫುನನ ಕೊಲೆ ಆಗುತ್ತೆ, ಒಕೊಂಕ್ವೊ ಅದ್ರಲ್ಲಿ ಭಾಗಿ’ ಅಂತ ಎರಡು ಸಾಲು, ಅಷ್ಟೇ. ಪುಸ್ತಕದಲ್ಲಿ ಮೊದ್ಲು ಮಿಡತೆ ಹಿಂಡು ಬಂದು ಇಡೀ ಊರು ಖುಷಿಲಿರುತ್ತೆ, ಅದೇ ಹೊತ್ತಲ್ಲಿ ಹಿರಿಯ ಎಜೆಉಡು ಬಂದು ಆ ಹುಡುಗ ನಿನ್ನನ್ನ ಅಪ್ಪ ಅಂತ ಕರೀತಾನೆ, ಅವನ ಸಾವಲ್ಲಿ ನೀನು ಕೈ ಹಾಕ್ಬೇಡ ಅಂತಾನೆ, ಆಮೇಲೆ ಕಾಡುದಾರೀಲಿ ಆ ಹುಡುಗ ‘ಅಪ್ಪಾ’ ಅಂತ ಕೂಗ್ತಾ ಓಡಿ ಬಂದಾಗ ಒಕೊಂಕ್ವೊನೇ ಮಚ್ಚು ಬೀಸ್ತಾನೆ, ಎಲ್ಲಿ ತನ್ನನ್ನ ಹೇಡಿ ಅಂದ್ಕೊಳ್ತಾರೋ ಅನ್ನೋ ಭಯಕ್ಕೆ. ಆ ಖುಷಿ ಬಿಟ್ಟು ಈ ಕೊಲೆ ಬಗ್ಗೆ ಬರೆದ್ರೆ ಉತ್ತರ ಪೂರ್ತಿ ಆಗಲ್ಲ.

ಆಡಿಯೋ ಕೇಳೋಕೆ ಚೆಂದ. ಇಗ್ಬೊ (ಕಥೇಲಿ ಬರೋ ನೈಜೀರಿಯಾದ ಜನಾಂಗ) ಹೆಸರುಗಳ ಭಯ ಹೋಗುತ್ತೆ, ಗಾದೆಗಳು ಮಾತಿನ ಓಟದಲ್ಲೇ ಕಿವಿಗೆ ಬೀಳ್ತವೆ. ಆದ್ರೆ ಪುಸ್ತಕ ಒಳಗೆ ಬಿಡದ ಪರೀಕ್ಷೆಗೆ ಸಾಲು ನೆನಪಿರ್ಬೇಕಲ್ಲ, ಬರೀ ಕೇಳಿದ ಮಕ್ಕಳಿಗೆ ಅದು ಉಳಿಯಲ್ಲ. ಮೊದಲ ಸುತ್ತಿಗೆ ಇಟ್ಕೊಳ್ಳಿ, ಸಾಕು.

ಪಾತ್ರದ ಪುಟದಲ್ಲಿ ಏನು ಸಿಗುತ್ತೆ ಅನ್ನೋದಕ್ಕೆ ಒಕೊಂಕ್ವೊನ ಮಗ ನ್ವೊಯೆ ಪುಟ ನೋಡಿ. ಊರಿನ ಪದ್ಧತಿ ಅಂತ ಕಾಡಲ್ಲಿ ಬಿಸಾಕಿದ ಅವಳಿ ಕೂಸಿನ ಅಳು ಕೇಳಿದಾಗ ಒಂದ್ಸಲ, ಇಕೆಮೆಫುನ ಸತ್ತ ರಾತ್ರಿ ಇನ್ನೊಂದ್ಸಲ, ಅವನೊಳಗೆ ಏನೋ ಮುರಿಯುತ್ತೆ. 16ನೇ ಅಧ್ಯಾಯದಲ್ಲಿ ಮಿಷನರಿಗಳ ಹಾಡು ಕೇಳಿ ಅವನು ಸೋಲೋದಕ್ಕೆ ಕಾರಣನೂ ಈ ಎರಡು ನೋವೇ. ಗೈಡಲ್ಲಿ ಇವು ಬೇರೆ ಬೇರೆ ಅಧ್ಯಾಯದ ಸುದ್ದಿ, ಇಲ್ಲಿ ಒಂದರ ಕೆಳಗೊಂದು ಇರ್ತವೆ, ಅವನು ಮತ ಬದಲಿಸಿದ್ದು ಯಾಕೆ ಅನ್ನೋ ಪ್ರಬಂಧದ ಅರ್ಧ ಅಲ್ಲೇ ರೆಡಿ. ಹೌದು, ಟೈಮ್ ಜಾಸ್ತಿ ಹಿಡಿಯುತ್ತೆ, ಕೈ ನೋಯುತ್ತೆ, ಮಕ್ಕಳು ಗೊಣಗ್ತಾರೆ, ಆದ್ರೂ ಬರೆಸಿ.

ಟೈಮೇ ಇಲ್ಲ ಅನ್ನೋರು ಒಕೊಂಕ್ವೊ, ನ್ವೊಯೆ, ಒಬಿಯೆರಿಕ, ಈ ಮೂರು ಪುಟ ಮಾಡ್ಕೊಳ್ಳಿ. ಒಕೊಂಕ್ವೊನ ಗೆಳೆಯ ಒಬಿಯೆರಿಕನ್ನ ತುಂಬ ಮಕ್ಕಳು ಬಿಟ್ಟುಬಿಡ್ತಾರೆ. ಎಂಟನೇ ಅಧ್ಯಾಯದಲ್ಲಿ ನಾನಾಗಿದ್ರೆ ಇಕೆಮೆಫುನನ ಕೊಲೆಗೆ ಹೋಗ್ದೆ ಮನೇಲೇ ಇರ್ತಿದ್ದೆ ಅಂತ ಗೆಳೆಯನ ಮುಖಕ್ಕೇ ಹೇಳೋನು ಅವನು, ಒಕೊಂಕ್ವೊ ಕೈಯಿಂದ ಗೊತ್ತಿಲ್ದೆ ಆದ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆ ಯಾಕೆ ಅಂತ 13ರಲ್ಲಿ ಯೋಚಿಸೋನು ಅವನು, ಕೊನೇಲಿ ಬ್ರಿಟಿಷ್ ಕಮಿಷನರ್ ಎದುರು ನಿಂತು ಒಕೊಂಕ್ವೊನ ಸಾವಿಗೆ ನೀವೇ ಕಾರಣ ಅನ್ನೋನೂ ಅವನೇ.