ಮಗಳ ಕತೆಯನ್ನು ಕ್ಯಾಮೆರಾ ಮುಂದೆ ಹೇಳುವ ಮುನ್ನ

ಪೋಷಕತ್ವದಡಿ, ಅಂದರೆ ದತ್ತು ಪಡೆಯದೆ ಸಾಕಲು, ಮಗುವನ್ನು ಮನೆಗೆ ಕರೆತಂದವರು ಮತ್ತು ದತ್ತು ಪಡೆದವರು ತಮ್ಮ ಅನುಭವವನ್ನು ಹೇಳಿಕೊಳ್ಳಲೇಬಾರದು ಎಂದು ನಾನು ಹೇಳುತ್ತಿಲ್ಲ. ನಾನು ಹೇಳಿದ ಹಾಗೆ ಹೇಳಬೇಡಿ ಎಂದಷ್ಟೇ ಕೇಳಿಕೊಳ್ಳುತ್ತಿದ್ದೇನೆ.

ನಾವು ಶಿಡ್ಲಘಟ್ಟದವರು, ನಮ್ಮ ಯಜಮಾನರದು ರೇಷ್ಮೆ ನೂಲು ಬಿಚ್ಚಾಣಿಕೆಯ ಸಣ್ಣ ಘಟಕ. 2022ರ ಜೂನ್‌ನಲ್ಲಿ ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ಆರು ವರ್ಷದ ಹುಡುಗಿಯೊಬ್ಬಳು ನಮ್ಮ ಮನೆಗೆ ಬಂದಳು. ಪೋಷಕ ಕುಟುಂಬವು ಅದೇ ಮಗುವನ್ನು ದತ್ತು ಪಡೆಯಲು ಮೊದಲು ಐದು ವರ್ಷ ಕಾಯಬೇಕಿತ್ತು, ಈಗ ಎರಡು ವರ್ಷ ಸಾಕು. ಆಕೆಯನ್ನು ದತ್ತು ಕೊಡಲು ಕಾನೂನಿನ ಅಡ್ಡಿಯಿಲ್ಲವೆಂದು ಸಮಿತಿ ಘೋಷಿಸಿದ ಮೇಲೆ ನಾವೂ ಅರ್ಜಿ ಹಾಕಿದೆವು. ದತ್ತು ಆದೇಶ ನೀಡುವ ಅಧಿಕಾರ 2022ರ ಸೆಪ್ಟೆಂಬರ್‌ನಿಂದ ನ್ಯಾಯಾಲಯದ ಬದಲು ಜಿಲ್ಲಾಧಿಕಾರಿಗಳದ್ದಾದ್ದರಿಂದ ಕಡತ ಚಿಕ್ಕಬಳ್ಳಾಪುರದಲ್ಲಿ ಅವರ ಸಹಿಗಾಗಿ ಕಾಯುತ್ತಿತ್ತು.

ಅಂಥ ಹೊತ್ತಿನಲ್ಲಿ, 2024ರ ನವೆಂಬರ್‌ನಲ್ಲಿ, ದತ್ತು ಜಾಗೃತಿ ಮಾಸದ ನೆಪದಲ್ಲಿ ಸ್ಥಳೀಯ ವಿಡಿಯೊ ವಾಹಿನಿಯ ಯುವಕನೊಬ್ಬ ಮನೆಗೆ ಬಂದು, ‘ನಿಮ್ಮ ಬಾಯಿಂದಲೇ ಕೇಳಬೇಕು ಮೇಡಂ, ನಾಲ್ಕು ಜನಕ್ಕೆ ಸ್ಫೂರ್ತಿಯಾಗುತ್ತೆ’ ಎಂದ. ಸೆರಗಿಗೆ ಮೈಕು ಸಿಕ್ಕಿಸಿಕೊಂಡು ನಲವತ್ತು ನಿಮಿಷ ಮಾತಾಡಿದೆ. ಮನೆ ಪರಿಶೀಲನೆಗೆ ಬಂದವರು ಕೇಳಿದ ಪ್ರಶ್ನೆಗಳು, ಮೊದಲ ವಾರ ಆಕೆ ಚಪ್ಪಲಿ ಕಳಚದೆ ಮಲಗುತ್ತಿದ್ದುದು, ಯಾವ ರಾತ್ರಿ ತಾನಾಗಿ ಕಳಚಿ ಮಂಚದ ಕೆಳಗೆ ಜೋಡಿಸಿಟ್ಟಳು ಎಂಬುದು, ಎಲ್ಲವನ್ನೂ ಹೇಳಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಮ್ಮ ದೊಡ್ಡತನ ಇನ್ನಷ್ಟು ಎದ್ದು ಕಾಣಲಿ ಎಂಬ ಆಸೆಯೂ ಇತ್ತೆಂದು ಈಗ ಒಪ್ಪಿಕೊಳ್ಳಬೇಕು. ಹೆತ್ತ ತಾಯಿಯ ಊರು, ಆಕೆ ಸತ್ತ ರೀತಿ, ತಂದೆಯ ಕುಡಿತ, ಅವನು ಮಗುವನ್ನು ಬಸ್ ನಿಲ್ದಾಣದಲ್ಲಿ ಬಿಟ್ಟುಹೋದದ್ದು, ಇವನ್ನೂ ಹೇಳಿಬಿಟ್ಟೆ.

ಮೂರೂವರೆ ನಿಮಿಷದ ವಿಡಿಯೊ ಬಂತು. ಅದರಲ್ಲಿ ಚಪ್ಪಲಿಯ ಮಾತಿರಲಿಲ್ಲ, ಬಸ್ ನಿಲ್ದಾಣವಿತ್ತು. ‘ಕುಡುಕ ಅಪ್ಪ ಬಿಸಾಡಿದ ಕೂಸು’ ಎಂಬ ತಲೆಬರಹ, ಹಿಂದೆ ಶೋಕದ ಕೊಳಲು. ಕೇಳಿದ್ದಕ್ಕೆ ‘ಮುಖ ಮಸುಕು ಮಾಡಿದ್ದೇವಲ್ಲ’ ಎಂದರು. ಮುಖವೇನೋ ಮಸುಕಾಗಿತ್ತು, ಆದರೆ ನನ್ನ ಹೆಸರು ಮತ್ತು ಮುಖ, ನಮ್ಮ ಬೀದಿ, ಗೋಡೆಯ ಮೊಳೆಗೆ ನೇತುಹಾಕಿದ್ದ ಶಾಲೆಯ ಹೆಸರಿನ ಬೆಲ್ಟು, ಪಕ್ಕದ ಕೋಣೆಯಿಂದ ಆಕೆ ‘ಅಮ್ಮಾ’ ಎಂದು ಕೂಗಿದ ದನಿ, ಇವೆಲ್ಲ ಹಾಗೆಯೇ ಇದ್ದವು.

ತಾಯಿ ಕಾಯಿಲೆಯಿಂದ ತೀರಿಕೊಂಡಳು ಎಂಬುದಷ್ಟೇ ಮಗಳಿಗೆ ಗೊತ್ತಿತ್ತು. ಉಳಿದದ್ದನ್ನು ಆಕೆ ಬೆಳೆದಂತೆ ಒಂದೊಂದಾಗಿ ಹೇಳೋಣವೆಂದುಕೊಂಡಿದ್ದೆವು. ಅದನ್ನು ಆಕೆ ಶಾಲೆಯ ವ್ಯಾನಿನಲ್ಲಿ ಐದನೇ ತರಗತಿಯ ಹುಡುಗನೊಬ್ಬನ ಬಾಯಿಂದ ಕೇಳಿದಳು. ಮನೆಗೆ ಬಂದು ಅಳಲಿಲ್ಲ. ‘ಅಮ್ಮ, ನಿನಗೆ ಗೊತ್ತಿತ್ತಾ?’ ಎಂದು ಮಾತ್ರ ಕೇಳಿದಳು. ಆ ರಾತ್ರಿ ಚಪ್ಪಲಿ ಹಾಕಿಕೊಂಡೇ ಮಲಗಿದಳು.

ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಓಡಿದೆವು. ಬಾಲನ್ಯಾಯ ಕಾಯ್ದೆ, 2015ರ 74ನೇ ಕಲಂ ಪ್ರಕಾರ ಇಂಥ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಮಾತ್ರವಲ್ಲ, ಗುರುತು ಸಿಗುವಂತಹ ಯಾವ ವಿವರವನ್ನೂ ಪ್ರಕಟಿಸುವಂತಿಲ್ಲವೆಂದೂ, ತಪ್ಪಿದರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದೆಂದೂ ಅಲ್ಲಿನ ಅಧಿಕಾರಿ ತಿಳಿಸಿದರು. ಮಗುವಿನ ಹಿತದೃಷ್ಟಿಯಿಂದ ಅನುಮತಿ ಕೊಡುವುದಿದ್ದರೆ ಅದು ಸಮಿತಿಗೆ ಬಿಟ್ಟದ್ದು, ಸಾಕುವವರಿಗಲ್ಲ. ‘ವಿವರ ಕೊಟ್ಟವರು ನೀವೇ ಅಲ್ಲವೇನಮ್ಮ?’ ಎಂದು ಅವರು ಮೆಲ್ಲಗೆ ಕೇಳಿದಾಗ, ಸಹಿಯಾಗದೆ ಉಳಿದಿದ್ದ ಕಡತ ನೆನಪಾಗಿ ನನ್ನ ಕೈಕಾಲು ತಣ್ಣಗಾದವು. ದತ್ತು ಹೋದ ಮಗು 18 ತುಂಬಿದ ಮೇಲೆ ತನ್ನ ಮೂಲವನ್ನು ಹುಡುಕಲು ತಾನೇ ಅರ್ಜಿ ಹಾಕಬಹುದು ಎಂದೂ ಅವರು ಹೇಳಿದರು. ಬೇಕಾದಾಗ ಆಕೆ ಕೇಳಿ ತಿಳಿಯಬೇಕಿದ್ದುದನ್ನು ನಾನು ಮೊದಲೇ ಊರಿಗೆಲ್ಲ ಹಂಚಿದ್ದೆ.

ಯಾರಾದರೂ ಮೈಕು ಹಿಡಿದು ಬಂದರೆ ಮೊದಲು ಘಟಕವನ್ನು ಕೇಳಿ. ನಿಮ್ಮ ಕಾಗದಪತ್ರದ ಓಡಾಟ, ನಿಮ್ಮ ಭಯ, ನಿಮ್ಮ ತಪ್ಪುಗಳ ಬಗ್ಗೆ ಬೇಕಾದಷ್ಟು ಹೇಳಿ. ಮಗು ನಿಮ್ಮ ಹೊಸ್ತಿಲು ದಾಟುವ ಮೊದಲು ನಡೆದದ್ದನ್ನು ಮುಟ್ಟಬೇಡಿ. ಚಿತ್ರೀಕರಣ ಮನೆಯಲ್ಲಿ ಬೇಡ. ‘ಪ್ರಸಾರಕ್ಕೆ ಮುಂಚೆ ತೋರಿಸುತ್ತೇವೆ’ ಎಂಬ ಬಾಯಿಮಾತನ್ನು ನಾನು ನಂಬಿದ್ದೆ. ನೀವು ಬರಹದಲ್ಲಿ ಪಡೆಯಿರಿ.

ವಿಡಿಯೊವನ್ನು ಹನ್ನೊಂದನೇ ದಿನ ತೆಗೆದರು. ದತ್ತು ಆದೇಶವೂ ತಡವಾಗಿಯಾದರೂ ಕೈಸೇರಿತು. ಆದರೆ ವಾಟ್ಸ್ಆ್ಯಪ್‌ಗೆ ಹೋದದ್ದನ್ನು ಯಾರು ಹಿಂದಕ್ಕೆ ತರಬಲ್ಲರು? ಮೊನ್ನೆ ಚಿಂತಾಮಣಿಯ ಮದುವೆಯೊಂದರಲ್ಲಿ, ಊಟದ ಪಂಕ್ತಿಯಲ್ಲಿ, ಗುರುತಿಲ್ಲದ ಹೆಂಗಸೊಬ್ಬರು ಮಗಳ ಗದ್ದ ಹಿಡಿದೆತ್ತಿ, ‘ಅಯ್ಯೋ, ಇದೇನಾ ಆ ಮಗು?’ ಎಂದು ನನ್ನನ್ನು ಕೇಳಿದರು. ಮಗಳು ಎಲೆಯ ಮುಂದಿನಿಂದ ಎದ್ದು ಕೈತೊಳೆಯಲು ಹೋದಳು. ಇನ್ನೂ ಅನ್ನ ಬಡಿಸಿರಲಿಲ್ಲ.