ಥರ್ಮಲ್ ಬಿಲ್ಲಾ, ಬಿಲ್ ಬುಕ್ಕಾ, ವಾಟ್ಸಾಪಾ? ನಮ್ಮ ಅಂಗಡೀಲಿ ಮೂರನ್ನೂ ಮಾಡಿ ನೋಡಿದ್ವಿ
ಮೈಸೂರಲ್ಲಿ ನಮ್ದೊಂದು ಸಣ್ಣ ದಿನಸಿ ಅಂಗಡಿ. ರಾತ್ರಿ ಬಾಗ್ಲು ಹಾಕೋ ಮುಂಚೆ ಗುಡಿಸಿದ್ರೆ ಮೊರದ ತುಂಬ ಬಿಲ್ ಚೀಟಿನೇ, ಜನ ಕೈಗೆ ಇಸ್ಕೊಂಡು ಮೆಟ್ಲಿಳಿಯೋದ್ರೊಳಗೆ ಬಿಸಾಕಿರ್ತಾರೆ. ನಮ್ಮನೆಯವ್ಳು ಹಸಿ ಕಸದಲ್ಲಿ ಗೊಬ್ಬರ ಮಾಡ್ತಾಳೆ, ಒಂದಿನ ಇದೂ ಪೇಪರ್ ತಾನೆ ಅಂತ ಈ ಚೀಟಿಗಳನ್ನ ಡಬ್ಬಕ್ಕೆ ಹಾಕೋಕೆ ಹೋದ್ಲು, ಹಾಕ್ಬೋದಾ ಅಂತ ಹುಡುಕ್ತಾ ಹೋಗಿದ್ದೇ ಇಷ್ಟಕ್ಕೆಲ್ಲ ಶುರು. ಆಮೇಲೆ ಮೂರು ತರದ ಬಿಲ್ಲನ್ನೂ ಒಂದೊಂದು ತಿಂಗ್ಳು ನಡೆಸಿ ನೋಡಿದ್ವಿ.

ಮೊದ್ಲು ಥರ್ಮಲ್ ರೋಲು. ಸ್ಪೀಡಲ್ಲಿ ಇದಕ್ಕೆ ಸಾಟಿ ಇಲ್ಲ, ಸಂಜೆ ಆರರಿಂದ ಎಂಟರವರೆಗೆ ಜನ ನಿಂತಿರ್ಬೇಕಾದ್ರೆ ಇದೇ ಕೈ ಹಿಡಿಯೋದು. ಆದ್ರೆ ಇದ್ರಲ್ಲಿ ಇಂಕೇ ಇಲ್ಲ. ಪೇಪರ್ ಮೇಲೆ ಬಣ್ಣ ಬರೋ ಕೆಮಿಕಲ್ಲು, ಜೊತೆಗೆ ಅದನ್ನ ಕಪ್ಪು ಮಾಡೋ ಇನ್ನೊಂದು ಕೆಮಿಕಲ್ಲು ಬಳ್ದಿರ್ತಾರೆ, ಪ್ರಿಂಟರ್ ಬಿಸಿ ತಾಗಿಸಿದ ಕಡೆ ಎರಡೂ ಸೇರಿ ಅಕ್ಷರ ಮೂಡುತ್ತೆ. ಉಗುರಲ್ಲಿ ಜೋರಾಗಿ ಗೀಚಿ ನೋಡಿ, ಕಪ್ಪು ಗೆರೆ ಬಂದ್ರೆ ಅದು ಥರ್ಮಲ್. ಆ ಎರಡನೇ ಕೆಮಿಕಲ್ಲಾಗಿ ಬಹಳ ಕಾಲದಿಂದ ಹಾಕ್ಕೊಂಡು ಬಂದಿರೋದು ಬಿಪಿಎ, ಮಕ್ಕಳ ಹಾಲಿನ ಬಾಟ್ಲಿ ಮೇಲೆ 'ಬಿಪಿಎ ಫ್ರೀ' ಅಂತ ಬರ್ದಿರ್ತಾರಲ್ಲ, ಅದೇ, ದೇಹದ ಹಾರ್ಮೋನ್ ಕೆಲಸಕ್ಕೆ ಅಡ್ಡ ಬರೋ ವಸ್ತು. ಪ್ಲಾಸ್ಟಿಕ್ಕಲ್ಲಾದ್ರೆ ಅದು ಬೇರೆದ್ರ ಜೊತೆ ಬೆಸ್ಕೊಂಡಿರುತ್ತೆ, ಚೀಟಿ ಮೇಲೆ ಬಿಡಿಯಾಗೇ ಕೂತಿರುತ್ತೆ, ಹಂಗಾಗಿ ಮುಟ್ಟಿದ್ರೆ ಕೈಗೆ ಬರುತ್ತೆ, ಸ್ಯಾನಿಟೈಸರ್ ಹಚ್ಚಿದ ಕೈ ಆದ್ರೆ ಇನ್ನೂ ಜಾಸ್ತಿ. ಗಿರಾಕಿ ದಿನಕ್ಕೊಂದು ಚೀಟಿ ಮುಟ್ತಾರೆ, ಕೌಂಟರಲ್ಲಿ ಕೂತ ನಮ್ಮ ಹುಡುಗ ನೂರಾರು ಮುಟ್ತಾನೆ. ನನಗೆ ನಿಜವಾಗ್ಲೂ ಹೊಟ್ಟೆಯೊಳಗೆ ಸಂಕಟ ಆಗಿದ್ದು ಅದನ್ನ ನೆನೆಸ್ಕೊಂಡಾಗ.

ಯುರೋಪಿಯನ್ ಯೂನಿಯನ್‌ನವ್ರು 2020ರ ಜನವರಿಯಿಂದ ಥರ್ಮಲ್ ಪೇಪರಲ್ಲಿ ತೂಕದ 0.02% ಅಥವಾ ಅದಕ್ಕಿಂತ ಹೆಚ್ಚು ಬಿಪಿಎ ಇರಂಗಿಲ್ಲ ಅಂದ್ರು. ಆಗ ಬಹಳ ಕಡೆ ಅದ್ರ ಬದ್ಲು ಬಿಪಿಎಸ್ ಬಂತು, ಅದೂ ಅದೇ ಫಿನಾಲ್ ಅನ್ನೋ ಕೆಮಿಕಲ್ ಬಳಗದ್ದು, ಸ್ವಿಟ್ಜರ್ಲೆಂಡ್‌ನವ್ರು ಎರಡನ್ನೂ ಬೇಡ ಅಂದಿದಾರೆ. ಹಾಗಾಗಿ ರೋಲಿನ ಪ್ಯಾಕೆಟ್ ಮೇಲೆ 'ಬಿಪಿಎ ಫ್ರೀ' ಅಂತ ಇದೆ ಅಂದ ಮಾತ್ರಕ್ಕೆ ನಂಬ್ಬೇಡಿ, ಫಿನಾಲ್ ಫ್ರೀ ಇದ್ಯಾ ಅಂತ ಕೇಳಿ. ನಾನು ಕೇಳ್ದೆ, ನಮಗೆ ರೋಲ್ ಹಾಕೋನ ಹತ್ರ ಇರ್ಲಿಲ್ಲ. ಇನ್ನು ಗೊಬ್ಬರಕ್ಕೂ ಇದು ಬೇಡ, ರದ್ದಿಗೂ ಬೇಡ, ರದ್ದಿಗೆ ಹಾಕಿದ್ರೆ ಅದೇ ಕೆಮಿಕಲ್ಲು ಮುಂದೆ ಟಿಶ್ಯೂಗೋ ರಟ್ಟಿನ ಡಬ್ಬಕ್ಕೋ ಸೇರುತ್ತೆ. ಮೇಲಾಗಿ ಅಕ್ಷರ ನಿಲ್ಲಲ್ಲ. ಜಿಎಸ್‌ಟಿ ಲೆಕ್ಕಪತ್ರ ಆ ವರ್ಷದ ರಿಟರ್ನ್ ಕೊನೇ ದಿನದಿಂದ 72 ತಿಂಗ್ಳು ಇಟ್ಕೋಬೇಕು, ನಮಗೆ ಹೋಲ್‌ಸೇಲ್‌ನವ್ರು ಕೊಟ್ಟ ಥರ್ಮಲ್ ಬಿಲ್ಲು ಎರಡು ಬೇಸಿಗೆಗೇ ಬಿಳೀ ಹಾಳೆ ಆಗಿತ್ತು.

ಬಿಲ್ ಬುಕ್ಕು ಚೆನ್ನಾಗಿದೆ, ಕರೆಂಟ್ ಬೇಡ, ಹಾಳೆ ರದ್ದಿಗೆ ಹೋಗುತ್ತೆ, ಪೆನ್ನಲ್ಲಿ ಬರ್ದಿದ್ದು ಅಳಿಸಲ್ಲ. ಆದ್ರೆ ಪ್ರತಿ ಸಲ ಎರಡು ಹಾಳೆ, ಮಧ್ಯ ಕಾರ್ಬನ್, ಆ ಕಾರ್ಬನ್ ಹಾಳೆ ಕೊನೆಗೆ ಕಸಕ್ಕೇ. ಹತ್ತು ಐಟಂ ಇದ್ರೆ ಟ್ಯಾಕ್ಸ್ ಬಿಡಿಸಿ ಬರೆಯೋಷ್ಟ್ರಲ್ಲಿ ಹಿಂದಿನವ್ರು ಪಕ್ಕದಂಗಡಿಗೆ ಹೋಗಿರ್ತಾರೆ.

ವಾಟ್ಸಾಪ್ ಬಿಲ್ ಹುಡುಗ್ರಿಗೆ ಇಷ್ಟ ಆಯ್ತು. ಮೆಸೇಜ್ ಸಾಗಿಸೋ ಕಂಪ್ಯೂಟರ್ ಸರ್ವರ್ರು ಕರೆಂಟ್ ತಿನ್ನಲ್ವಾ ಅಂತ ಒಬ್ರು ಕೇಳಿದ್ರು, ತಿನ್ನುತ್ತೆ, ಅದಕ್ಕೇ ಫೋಟೋ, ಜಾಹೀರಾತು ಏನೂ ಇಲ್ದೆ ನಾಲ್ಕು ಸಾಲಿನ ಮೆಸೇಜ್ ಅಷ್ಟೇ ಕಳಿಸ್ತೀವಿ. ನಿಜವಾದ ತೊಡಕು ನಂಬರಿನದು. ಹೆಣ್ಮಕ್ಳು ಹತ್ತು ಜನರೆದ್ರು ಜೋರಾಗಿ ನಂಬರ್ ಹೇಳೋಕೆ ಹಿಂಜರಿತಾರೆ, ಅದು ಸರೀನೇ, 2023ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆನೂ ಬಿಲ್ಲಿಗೋಸ್ಕರ ಮೊಬೈಲ್ ನಂಬರ್ ಕೊಡ್ಲೇಬೇಕು ಅಂತ ಒತ್ತಾಯ ಮಾಡ್ಬೇಡಿ ಅಂತ ಅಂಗಡಿಯವ್ರಿಗೆ ಹೇಳಿದೆ. ನಂಬರ್ ಬರ್ದಿಟ್ಕೊಂಡು ಆಮೇಲೆ ಆಫರ್ ಮೆಸೇಜ್ ಕಳ್ಸೋ ಬುದ್ಧಿ ನಮಗೆ ಬೇಡ.

ಈಗ ನಾವು ಮಾಡ್ತಿರೋದು ಇಷ್ಟು. 200 ರೂಪಾಯಿ ಒಳಗಿನ ವ್ಯಾಪಾರಕ್ಕೆ ಗಿರಾಕಿ ಕೇಳ್ದೆ ಇದ್ರೆ ಬಿಲ್ ಕೊಡ್ಲೇಬೇಕು ಅಂತ ಜಿಎಸ್‌ಟೀಲಿ ಇಲ್ಲ, ದಿನದ ಕೊನೆಗೆ ಎಲ್ಲ ಸೇರಿಸಿ ಒಂದು ಬಿಲ್ ಮಾಡಿದ್ರೆ ಆಯ್ತು. ಅದಕ್ಕೆ "ಬಿಲ್ ಬೇಕಾ?" ಅಂತ ಮೊದ್ಲು ಕೇಳ್ತೀವಿ, ಬಹಳ ಜನ ಬೇಡ ಅಂತಾರೆ. ಫ್ರಾನ್ಸಲ್ಲಿ 2023ರ ಆಗಸ್ಟಿಂದ ಗಿರಾಕಿ ಕೇಳ್ದೆ ಪ್ರಿಂಟ್ ಮಾಡಂಗಿಲ್ಲ ಅಂತಾನೇ ನಿಯಮ ಇದೆ, ಕೆಲವೊಂದು ಬಿಲ್ ಬಿಟ್ಟು. ಪ್ರಿಂಟ್ ಮಾಡ್ಲೇಬೇಕಾದಾಗ ಲೋಗೋ, 'ಪುನಃ ಬನ್ನಿ' ಎಲ್ಲ ತೆಗೆಸಿದ್ದೀವಿ, ಗೇಣುದ್ದ ಬರ್ತಿದ್ದ ಚೀಟಿ ಈಗ ನಾಲ್ಕು ಬೆರಳು. ಮುಂಚೆ ದಿನಕ್ಕೊಂದು ರೋಲ್ ಮುಗೀತಿತ್ತು, ಈಗ ಮೂರು ದಿನ ಬರುತ್ತೆ. ಹುಡುಗಂಗೆ ಸ್ಯಾನಿಟೈಸರ್ ಬದ್ಲು ಸೋಪು ನೀರು ಇಟ್ಟಿದ್ದೀನಿ.

ಬಿಲ್ ಬುಕ್ಕನ್ನ ಮಾತ್ರ ಬಿಟ್ಟಿಲ್ಲ. ಹಿಂದಿನ ಬೀದಿ ಅಜ್ಜಿ ಒಬ್ರು ತಿಂಗಳ ಸಾಮಾನಿಗೆ ಬರ್ತಾರೆ, ಚೀಟಿನ ಅಡುಗೆಮನೆ ಮೊಳೆಗೆ ಚುಚ್ಚಿಟ್ಟು ಮುಂದಿನ ತಿಂಗ್ಳು ರೇಟ್ ತಾಳೆ ನೋಡ್ತಾರೆ. ಥರ್ಮಲ್ ಕೊಟ್ಟಾಗ "ಏನಪ್ಪಾ, ಒಲೆ ಬಿಸಿಗೆ ನಿನ್ನ ಚೀಟಿ ಪೂರ್ತಿ ಕಪ್ಪಾಗೋಯ್ತು" ಅಂತ ತಂದು ತೋರಿಸಿದ್ರು. ಅವ್ರಿಗೆ ನಾನೇ ಕೂತು, ಪೆನ್ನಲ್ಲಿ, ದಪ್ಪ ಅಕ್ಷರದಲ್ಲಿ ಬರ್ದು ಕೊಡ್ತೀನಿ.